ಯೂನಿಕಾರ್ನ್ 160: ಸರ್ವಿಸ್ ಎಸ್ಟಿಮೇಟ್ ₹2,734. ಮನೆಯಲ್ಲೇ ಮಾಡಿದ್ರೆ ನಿಜಕ್ಕೂ ಎಷ್ಟು ಉಳಿಯುತ್ತೆ?

ದಾವಣಗೆರೆ_ಸವಾರ:

ಎಲ್ಲರಿಗೂ ನಮಸ್ಕಾರ. ಗಾಡಿ ಹೋಂಡಾ ಯೂನಿಕಾರ್ನ್ 160, ಬಿಎಸ್-6, 2020ರ ಮಾಡೆಲ್. 36,000 ಕಿ.ಮೀ. ಹತ್ತಿರ ಬಂದಿದೆ, ವಾರಂಟಿ ಮುಗಿದಿದೆ. ಪೇಯ್ಡ್ ಸರ್ವಿಸ್‌ಗೆ ಕೊಟ್ಟಿರೋ ಎಸ್ಟಿಮೇಟ್ ಹೀಗಿದೆ:

ಲೇಬರ್ 600, ಎಂಜಿನ್ ಆಯಿಲ್ 1 ಲೀಟರ್ 430, ಡ್ರೈನ್ ವಾಷರ್ 10, ಏರ್ ಫಿಲ್ಟರ್ 290, ಸ್ಪಾರ್ಕ್ ಪ್ಲಗ್ 150, ಚೈನ್ ಕ್ಲೀನಿಂಗ್ 150, ಬ್ರೇಕ್ ಕ್ಲೀನಿಂಗ್ 120, ಎಂಜಿನ್ ಡಿಕಾರ್ಬನೈಸಿಂಗ್ (ಒಳಗೆ ಕಟ್ಟಿರೋ ಮಸಿ ತೆಗೆಯೋದು) 350, ಪಾಲಿಶ್ 300, ಕನ್ಸ್ಯೂಮಬಲ್ಸ್ 60. ಸಾಮಾನು, ಕನ್ಸ್ಯೂಮಬಲ್ಸ್ ಬಿಟ್ಟು ಕೆಲಸದ ಐಟಂಗಳ ಮೇಲೆ ಮಾತ್ರ 18% ಜಿಎಸ್‌ಟಿ ಸೇರಿ ಒಟ್ಟು 2,734 ರೂಪಾಯಿ.

ಪಂಕ್ಚರ್, ಕೇಬಲ್ ಬದಲಾಯಿಸೋದು ಇಷ್ಟು ಬರುತ್ತೆ, ಎಂಜಿನ್ ಕಡೆ ಕೈ ಹಾಕಿಲ್ಲ. ಇದರಲ್ಲಿ ಯಾವುದನ್ನು ಮನೆಯಲ್ಲಿ ಮಾಡ್ಬಹುದು, ಯಾವುದನ್ನು ಮುಟ್ಟಬಾರದು? ಟೂಲ್ಸ್ ಖರ್ಚು ಸೇರಿಸಿದ್ರೂ ಲಾಭ ಇದೆಯಾ?

ಲೆಕ್ಕದ_ಪುಸ್ತಕ:

ಸರ್, ಈ ಎಸ್ಟಿಮೇಟನ್ನು ಮೊದಲು ಬಿಡಿಸಿ ನೋಡಿ, ಪ್ರಶ್ನೆಯೇ ಬದಲಾಗುತ್ತೆ.

ಆಯಿಲ್, ವಾಷರ್, ಫಿಲ್ಟರ್, ಪ್ಲಗ್ ಸೇರಿ 880. ಇದು ಎಂಆರ್‌ಪಿ, ತೆರಿಗೆ ಒಳಗೇ ಇದೆ. ಸ್ಪೇರ್ಸ್ ಕೌಂಟರ್‌ನಲ್ಲಿ ನೀವೇ ಕೊಂಡು ಮನೆಗೆ ತಂದರೂ ಹೆಚ್ಚುಕಮ್ಮಿ ಇದೇ ದುಡ್ಡು. ಇಲ್ಲಿ ಏನೂ ಉಳಿಯಲ್ಲ.

ಡಿಕಾರ್ಬನೈಸಿಂಗ್ ಮತ್ತು ಪಾಲಿಶ್ ಸೇರಿ 650, ಜಿಎಸ್‌ಟಿ ಹಾಕಿದ್ರೆ 767. ಓನರ್ಸ್ ಮ್ಯಾನ್ಯುವಲ್‌ನ ಮೆಂಟೆನೆನ್ಸ್ ಚಾರ್ಟ್ ತೆಗೆದು ನೋಡಿ, ಇವೆರಡೂ ಅದರಲ್ಲಿಲ್ಲ. ಗಾಡಿ ಸಲೀಸಾಗಿ ಸ್ಟಾರ್ಟ್ ಆಗ್ತಿದ್ರೆ, ಪಿಕಪ್ ಮತ್ತು ಮೈಲೇಜ್ ಮೊದಲಿನಂತೇ ಇದ್ರೆ ಡಿಕಾರ್ಬನೈಸಿಂಗ್ ಬೇಕಿಲ್ಲ. ಇನ್ನು ಚೈನ್, ಬ್ರೇಕ್ ಕ್ಲೀನಿಂಗ್ 270, ಜಿಎಸ್‌ಟಿ ಸೇರಿ 319. ಇವು ಚಾರ್ಟ್‌ನಲ್ಲೇ ಇರೋ ಕೆಲಸಗಳು. ಅಂದಮೇಲೆ 600ರ ಲೇಬರ್‌ನಲ್ಲಿ ಏನೇನು ಸೇರಿದೆ ಅಂತ ಜಾಬ್ ಕಾರ್ಡ್‌ಗೆ ಸಹಿ ಹಾಕೋ ಮುಂಚೆಯೇ ಕೇಳಿ.

ಈ ನಾಲ್ಕರ ಪ್ರತ್ಯೇಕ ಚಾರ್ಜನ್ನು ಕೌಂಟರ್‌ನಲ್ಲೇ ಬೇಡ ಅಂದ್ರೆ 1,086 ರೂಪಾಯಿ ಇಳಿದು ಬಿಲ್ 1,648ಕ್ಕೆ ಬರುತ್ತೆ. ಸ್ಪ್ಯಾನರ್ ಕೈಗೆತ್ತಿಕೊಳ್ಳದೇ ಇಷ್ಟು ಉಳೀತು. ಅದೇ ಕೆಲಸ ಮನೆಯಲ್ಲಿ 880ಕ್ಕೆ ಆಗುತ್ತೆ, ಹಾಗಾಗಿ ನಿಮ್ಮ ಕೈಕೆಲಸದ ನಿಜವಾದ ಬೆಲೆ ಒಂದು ಸರ್ವಿಸ್‌ಗೆ 768. ‘ಎರಡು ಸಾವಿರ ಉಳಿಸಿದೆ’ ಅನ್ನೋರು ಈ ಎರಡನ್ನೂ ಒಟ್ಟಿಗೆ ಕೂಡಿಸಿ ಹೇಳ್ತಾರೆ.

ಒಳ್ಳೆ ಸಾಕೆಟ್ ಸೆಟ್, ಪ್ಲಗ್ ಸಾಕೆಟ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯೋ ತೆಳು ಪಟ್ಟಿಗಳು), ಟ್ರೇ, ಲಾಳಿಕೆ ಎಲ್ಲಾ ಸೇರಿ 2,500 ಇಟ್ಕೊಳ್ಳಿ. ನಾಲ್ಕು ಸರ್ವಿಸ್‌ನಲ್ಲಿ ವಸೂಲಿ. 6,000 ಕಿ.ಮೀ.ಗೊಂದು ಸರ್ವಿಸ್ ಅಂದ್ರೆ 24,000 ಕಿ.ಮೀ. ಜೊತೆಗೆ ಎರಡು ಸಾವಿರದ ಟಾರ್ಕ್ ರೆಂಚ್ ಕೊಂಡ್ರೆ ಆರು ಸರ್ವಿಸ್ ಬೇಕು. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡಿಸೋರಿಗೆ ದುಡ್ಡಿನ ಲೆಕ್ಕದಲ್ಲಿ ಇದು ದೊಡ್ಡ ಲಾಭವಲ್ಲ. ಆದ್ರೆ ಹಾಕಿದ ಆಯಿಲ್ ಯಾವುದು, ಫಿಲ್ಟರ್ ನಿಜವಾಗಿಯೂ ಬದಲಾಯ್ತಾ ಅನ್ನೋದು ನಿಮ್ಮ ಕಣ್ಣೆದುರೇ ಇರುತ್ತೆ. ನನ್ನ ಪ್ರಕಾರ 768ಕ್ಕಿಂತ ಅದು ದೊಡ್ಡದು.

ವಾರಂಟಿ ಇನ್ನೂ ಇರೋರು ಮಾತ್ರ ಈ ದಾರಿ ಹಿಡೀಬೇಡಿ. ನಿಗದಿತ ಸರ್ವಿಸ್ ತಪ್ಪಿಸಿದ್ರೆ ನಾಳೆ ಕ್ಲೇಮ್ ತಿರಸ್ಕರಿಸೋಕೆ ಅದೇ ಕಾರಣ ಆಗುತ್ತೆ. ‘ಫ್ರೀ ಸರ್ವಿಸ್’ನಲ್ಲಿ ಫ್ರೀ ಇರೋದು ಲೇಬರ್ ಮಾತ್ರ, ಆಯಿಲ್ ದುಡ್ಡು ನೀವೇ ಕೊಡ್ಬೇಕು.

ಕರಿ_ಎಣ್ಣೆ:

ಲೆಕ್ಕ ಮೇಲಿನವರು ಹೇಳಿದ್ದಾರೆ, ನಾನು ಕೆಲಸ ಹೇಳ್ತೀನಿ. ಆಯಿಲ್‌ನಿಂದ ಶುರು ಮಾಡಿ.

10ಡಬ್ಲ್ಯೂ-30 ಗ್ರೇಡ್, ಡಬ್ಬದ ಮೇಲೆ ‘ಜಾಸೋ ಎಂಎ’ (ಬೈಕ್ ಆಯಿಲ್‌ನ ಗುಣಮಟ್ಟದ ಗುರುತು) ಅಂತ ಇರಲೇಬೇಕು. ಇದೇ ಆಯಿಲ್‌ನಲ್ಲೇ ಕ್ಲಚ್ ಪ್ಲೇಟ್‌ಗಳೂ ಮುಳುಗಿರ್ತವೆ. ಕಾರಿನ ಆಯಿಲ್ ಅಥವಾ ಸ್ಕೂಟರ್‌ಗೆ ಅಂತ ಬರೋ ‘ಎಂಬಿ’ ಆಯಿಲ್ ಹಾಕಿದ್ರೆ ಅದರ ಜಾರುಗುಣಕ್ಕೆ ಕ್ಲಚ್ ಸ್ಲಿಪ್ ಆಗುತ್ತೆ: ಆಕ್ಸಲರೇಟರ್ ಕೊಟ್ರೆ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ.

ಗಾಡಿಯನ್ನು ಐದು ನಿಮಿಷ ಓಡಿಸಿ ಬನ್ನಿ. ಆಯಿಲ್ ಬೆಚ್ಚಗಿದ್ರೆ ತೆಳ್ಳಗಾಗಿ ಕೊಳೆಯನ್ನೂ ಹೊತ್ತು ಇಳಿಯುತ್ತೆ. ಪೂರ್ತಿ ಕಾದ ಎಂಜಿನ್ ಬೇಡ, ಕೈ ಸುಡುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮೇಲಿನ ಕ್ಯಾಪ್ ಸಡಿಲಿಸಿ, ಕೆಳಗೆ ಟ್ರೇ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಬೋಲ್ಟ್ ತಲೆಗೆ ಗಟ್ಟಿಯಾಗಿ ಕೂರೋ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಮಾತ್ರ ಬಳಸಿ. ಓಪನ್ ಸ್ಪ್ಯಾನರ್ ಹಾಕಿದ್ರೆ ಮೂಲೆ ಸವೆದು ತಲೆ ದುಂಡಗಾಗುತ್ತೆ. ಹತ್ತು ನಿಮಿಷ ಸೋರೋಕೆ ಬಿಡಿ.

ಮನೆಯಲ್ಲಿ ಮಾಡೋರ ದುಬಾರಿ ತಪ್ಪು ಆಗೋದು ಬೋಲ್ಟ್ ವಾಪಸ್ ಹಾಕುವಾಗ. ಹತ್ತು ರೂಪಾಯಿ ವಾಷರ್ ಉಳಿಸೋಕೆ ಹಳೇದನ್ನೇ ಹಾಕ್ತಾರೆ. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರ್ ಮತ್ತೆ ಸರಿಯಾಗಿ ಕೂರಲ್ಲ, ಸಣ್ಣಗೆ ಜಿನುಗುತ್ತೆ. ಜಿನುಗಿದ್ದು ನೋಡಿ ಇನ್ನಷ್ಟು ಬಿಗೀತಾರೆ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್. ಥ್ರೆಡ್ ಕಿತ್ತು ಬರುತ್ತೆ. ಆಮೇಲೆ ಲೇಥ್ ಅಂಗಡಿಯಲ್ಲಿ ಹೆಲಿಕಾಯಿಲ್ (ಕಿತ್ತುಹೋದ ಥ್ರೆಡ್ ಜಾಗಕ್ಕೆ ಕೂರಿಸೋ ತಂತಿ ಸುರುಳಿ) ಹಾಕಿಸ್ಬೇಕು, ಎರಡು ಮೂರು ಸರ್ವಿಸ್‌ನ ಉಳಿತಾಯ ಒಂದೇ ಸಲಕ್ಕೆ ಹೋಯ್ತು. ಹೊಸ ವಾಷರ್ ಹಾಕಿ, ಬೋಲ್ಟ್ ಪೂರ್ತಿ ಕೂರುವವರೆಗೆ ಬೆರಳಲ್ಲೇ ತಿರುಗಿಸಿ, ಕೊನೆಗೆ ಮ್ಯಾನ್ಯುವಲ್‌ನ ಟಾರ್ಕ್‌ಗೆ ಬಿಗೀರಿ. ಈ ಗಾತ್ರದ ಬೋಲ್ಟ್‌ಗೆ ಅದು ಸಾಮಾನ್ಯವಾಗಿ 24ರಿಂದ 30 ನ್ಯೂಟನ್ ಮೀಟರ್. ಪೈಪ್ ಹಾಕಿ ಜಗ್ಗೋ ಕೆಲಸ ಖಂಡಿತ ಅಲ್ಲ.

ಒಂದೇ ಸಲಕ್ಕೆ ಡಬ್ಬ ಪೂರ್ತಿ ಸುರೀಬೇಡಿ. 900 ಎಂ.ಎಲ್. ಹಾಕಿ, ಮೂರು ನಿಮಿಷ ಐಡಲ್ ಬಿಟ್ಟು, ಆಫ್ ಮಾಡಿ ಮೂರು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಒರೆಸಿ, ತಿರುಗಿಸದೇ ಸುಮ್ನೆ ಒಳಗಿಟ್ಟು ನೋಡಿ. ತಿರುಗಿಸಿ ಅಳೆದ್ರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಮೇಲಿನ ಗೆರೆ ಹತ್ತಿರ ಬರುವವರೆಗೆ ಸ್ವಲ್ಪ ಸ್ವಲ್ಪ ಸೇರಿಸಿ. ಗೆರೆ ದಾಟಿದ್ರೆ ಆಯಿಲ್ ನೊರೆಯಾಗಿ ಬ್ರೀದರ್ ಪೈಪ್ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಗೆ ಬರುತ್ತೆ.

ಹಳೇ ಆಯಿಲ್ ಚರಂಡಿಗೆ, ಮಣ್ಣಿಗೆ ಬೇಡ. ಅದೇ ಕ್ಯಾನ್‌ಗೆ ತುಂಬಿ ಹತ್ತಿರದ ಗ್ಯಾರೇಜ್‌ನ ಡ್ರಮ್‌ಗೆ ಕೊಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ.

ಪ್ಲಗ್‌ಗೆ 16 ಎಂ.ಎಂ. ಸಾಕೆಟ್ ಬೇಕು. ಎಂಜಿನ್ ತಣ್ಣಗಿರಬೇಕು. ಬಿಚ್ಚೋ ಮುಂಚೆ ಸುತ್ತ ಇರೋ ಧೂಳು ಊದಿ ತೆಗೀರಿ, ಇಲ್ಲಾಂದ್ರೆ ಅದು ಸೀದಾ ಸಿಲಿಂಡರ್‌ಗೆ ಬೀಳುತ್ತೆ. ಹೊಸದನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಕೂತ ಮೇಲೆ ಅರ್ಧ ಸುತ್ತು ಅಷ್ಟೇ.

ಹಿಂದಿನ_ಚಕ್ರ:

ಮೇಲಿನವರ ಮಾತು ಒಪ್ತೀನಿ, ಆದ್ರೆ ಒಂದು ಆಕ್ಷೇಪ ಇದೆ. ಆಯಿಲ್ ಬದಲಾಯಿಸಿದ ಮಾತ್ರಕ್ಕೆ ಸರ್ವಿಸ್ ಆಗಲ್ಲ. ಮನೆಯಲ್ಲಿ ಮಾಡೋರು ಆಯಿಲ್, ಫಿಲ್ಟರ್, ಪ್ಲಗ್ ಮುಗಿಸಿ ಕೈ ತೊಳ್ಕೊಳ್ತಾರೆ. ಬ್ರೇಕ್, ಬೇರಿಂಗ್, ಸ್ಟೀರಿಂಗ್ ಯಾರೂ ನೋಡಲ್ಲ. ಜೀವ ಉಳಿಸೋವು ಅವೇ.

ಹಿಂದಿನ ಡ್ರಮ್: ಪೆಡಲ್ ಪೂರ್ತಿ ಒತ್ತಿ ಹಿಡೀರಿ. ಬ್ರೇಕ್ ಆರ್ಮ್ ಮೇಲಿನ ಬಾಣದ ಗುರುತು ಪ್ಯಾನೆಲ್ ಮೇಲಿನ ಗುರುತಿಗೆ ಬಂದು ಸೇರಿದ್ರೆ ಶೂ ಮುಗಿದಿದೆ. ನಟ್ ತಿರುಗಿಸಿ ಅಡ್ಜಸ್ಟ್ ಮಾಡ್ತಾ ಹೋಗೋದ್ರಲ್ಲಿ ಅರ್ಥವಿಲ್ಲ. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಲ್ಲಿ ಊದ್ಬೇಡಿ, ಏರ್ ಹೊಡೀಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್. ಶೂಗೆ ಸೋಕಿದ್ರೆ ಆ ಶೂ ಬಿಸಾಕ್ಬೇಕು.

ಮುಂದಿನ ಡಿಸ್ಕ್: ಪ್ಯಾಡ್ ಸವೆತದ ಗುರುತು ನೋಡೋದು ನೀವು ಮಾಡಿ. ಬ್ರೇಕ್ ಫ್ಲೂಯಿಡ್ ಮಾತ್ರ ಮೊದಲ ಸಲ ಗೊತ್ತಿರೋರ ಕೈಗೆ ಕೊಡಿ, ಎಬಿಎಸ್ ಇರೋ ಗಾಡಿ ಇದು. ಫ್ಲೂಯಿಡ್ ಗಾಳಿಯಿಂದ ತೇವ ಹೀರುತ್ತೆ. ತೇವ ಹೆಚ್ಚಿದಷ್ಟೂ ಕುದಿಯೋ ಮಟ್ಟ ಇಳಿಯುತ್ತೆ. ಆಗುಂಬೆ, ಚಾರ್ಮಾಡಿ ತರದ ಘಾಟಿ ಇಳಿಯುವಾಗ ಬ್ರೇಕ್ ಕಾದು ಒಳಗೆ ಆವಿಗುಳ್ಳೆ ಎದ್ರೆ ಲಿವರ್ ಹಿಡಿದಷ್ಟೂ ಒಳಗೆ ಹೋಗುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಯಾವ ಗ್ರೇಡ್ ಅನ್ನೋದು ರಿಸರ್ವಾಯರ್ ಮುಚ್ಚಳದ ಮೇಲೇ ಬರೆದಿರುತ್ತೆ. ಟ್ಯಾಂಕ್ ಮೇಲೆ ಚೆಲ್ಲಿದ್ರೆ ಪೇಂಟ್ ಏಳುತ್ತೆ, ಕೂಡಲೇ ನೀರು ಹಾಕಿ.

ಚೈನ್: ಇದು ಸೀಲ್ ಚೈನ್, ಪ್ರತಿ ಕೊಂಡಿಯ ಒಳಗೆ ಗ್ರೀಸ್ ಹಿಡಿದಿಡೋ ರಬ್ಬರ್ ಇದೆ. ಪೆಟ್ರೋಲ್, ವೈರ್ ಬ್ರಷ್ ಎರಡೂ ಆ ರಬ್ಬರನ್ನು ಹಾಳು ಮಾಡ್ತವೆ. ಸೀಮೆಎಣ್ಣೆ, ಮೆತ್ತನೆ ಬ್ರಷ್, ಒಣ ಬಟ್ಟೆ, ಆಮೇಲೆ 90 ನಂಬರ್ ಗೇರ್ ಆಯಿಲ್ ತೆಳ್ಳಗೆ. ಎಂಜಿನ್ ಆನ್ ಮಾಡಿ ಗೇರ್‌ನಲ್ಲಿಟ್ಟು ಚಕ್ರ ತಿರುಗಿಸೋ ಅಭ್ಯಾಸದಿಂದ ಬೆರಳು ಕಳ್ಕೊಂಡವರಿದ್ದಾರೆ. ಎಂಜಿನ್ ಆಫ್, ನ್ಯೂಟ್ರಲ್, ಕೈಯಲ್ಲೇ ತಿರುಗಿಸಿ.

ಸಡಿಲ ಎಷ್ಟಿರಬೇಕು ಅನ್ನೋದು ಮ್ಯಾನ್ಯುವಲ್‌ನಲ್ಲಿದೆ, ಈ ವರ್ಗದ ಗಾಡಿಗಳಿಗೆ ಸಾಮಾನ್ಯವಾಗಿ 20ರಿಂದ 30 ಎಂ.ಎಂ. ಒಂದೇ ಜಾಗದಲ್ಲಿ ಅಳೀಬೇಡಿ. ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿಯಿರೋ ಜಾಗದ ಅಳತೆ ಹಿಡೀರಿ. ಆಕ್ಸಲ್ ನಟ್ ಸಡಿಲಿಸಿ ಎರಡೂ ಬದಿಯ ಅಡ್ಜಸ್ಟರ್ ಸಮವಾಗಿ ತಿರುಗಿಸಿ, ಸ್ವಿಂಗ್‌ಆರ್ಮ್ ಮೇಲಿನ ಗೆರೆಗಳು ಎರಡೂ ಕಡೆ ಒಂದೇ ಇರಲಿ. ಚಕ್ರ ಹಿಂದೆ ಸರಿದ ಮೇಲೆ ಬ್ರೇಕ್ ಪೆಡಲ್‌ನ ಆಟವೂ ಬದಲಾಗಿರುತ್ತೆ, ಅದನ್ನು ಮರೀತಾರೆ. ಪೆಡಲ್ ಫ್ರೀ ಪ್ಲೇ ಮತ್ತೆ ಸೆಟ್ ಮಾಡಿ, ಚಕ್ರ ಸಲೀಸಾಗಿ ತಿರುಗುತ್ತಾ ನೋಡಿ. ಬ್ರೇಕ್ ಹಿಡ್ಕೊಂಡೇ ಓಡಿದ್ರೆ ಡ್ರಮ್ ಕಾದು ಶೂ ಸುಡುತ್ತೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ರೆ ಚೈನ್ ಒಂದನ್ನೇ ಬದಲಾಯಿಸ್ಬೇಡಿ, ಸೆಟ್ ಪೂರ್ತಿ ಹಾಕಿ.

ಸೆಂಟರ್ ಸ್ಟ್ಯಾಂಡ್ ಮೇಲಿದ್ದಾಗಲೇ ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಕಟಕಟ ಅಂದ್ರೆ ಬೇರಿಂಗ್ ಅಥವಾ ಸ್ವಿಂಗ್‌ಆರ್ಮ್ ಬುಷ್ ನೋಡಿಸ್ಬೇಕು. ಮುಂದಿನ ಚಕ್ರ ಮೇಲೆತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವೆ ಸಿಕ್ಕಿ ಹಾಕ್ಕೊಂಡಂತೆ ಆದ್ರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹೋಗಿದೆ. ಕೋನ್‌ಸೆಟ್, ಫೋರ್ಕ್ ಆಯಿಲ್ ಸೀಲ್, ಮೀಟರ್‌ನಲ್ಲಿ ಎಂಜಿನ್ ಲೈಟ್ ಬಂದಿರೋ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ತೊಂದರೆ, ಈ ಮೂರಕ್ಕೆ ಸರ್ವಿಸ್ ಸೆಂಟರ್‌ಗೇ ಹೋಗಿ. ಅಲ್ಲಿನ ಲೇಬರ್ ಕೊಡೋದಕ್ಕೆ ಯೋಗ್ಯ.

ದಾವಣಗೆರೆ_ಸವಾರ:

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಇನ್ನೆರಡು ಪ್ರಶ್ನೆ. ಇಲ್ಲಿ ಬಿಸಿಲು ಜಾಸ್ತಿ, 20ಡಬ್ಲ್ಯೂ-50 ಹಾಕಿದ್ರೆ ಎಂಜಿನ್‌ಗೆ ಒಳ್ಳೇದು ಅಂತಾರೆ, ನಿಜಾನಾ? ಏರ್ ಫಿಲ್ಟರನ್ನು ಏರ್ ಹೊಡೆಸಿ ಇನ್ನೊಂದು ಸರ್ವಿಸ್ ತಳ್ಳಬಹುದಾ? ಮತ್ತೆ ಟ್ಯಾಪೆಟ್ (ಎಂಜಿನ್ ಹೆಡ್‌ನಲ್ಲಿ ವಾಲ್ವ್ ಸಂದು ಹೊಂದಿಸೋ ಜಾಗ) ಹತ್ತಿರ ಬೆಳಗ್ಗೆ ಸಣ್ಣಗೆ ಟಿಕ್ ಟಿಕ್ ಶಬ್ದ ಇದೆ.

ಕರಿ_ಎಣ್ಣೆ:

ಆಯಿಲ್ ದಾರಿಗಳ ಅಳತೆ, ಪಂಪ್ ಎಲ್ಲಾ 10ಡಬ್ಲ್ಯೂ-30ಕ್ಕೆ ಹೊಂದಿಸಿರೋದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನ ಹೆಡ್‌ಗೆ ತಲುಪೋದು ತಡ, ಸವೆತ ಹೆಚ್ಚಾಗೋದೂ ಆ ಹೊತ್ತಲ್ಲೇ. ಮೈಲೇಜೂ ಸ್ವಲ್ಪ ಇಳಿಯುತ್ತೆ. ದಾವಣಗೆರೆ ಬಿಸಿಲಿಗೆ 30 ಗ್ರೇಡ್ ಸಾಕು. ಬೇಕಿರೋದು ಹೊತ್ತಿಗೆ ಸರಿಯಾಗಿ ಬದಲಾಯಿಸೋದು, ಕಿ.ಮೀ. ಆಗದಿದ್ರೂ ವರ್ಷಕ್ಕೊಮ್ಮೆ.

ಏರ್ ಫಿಲ್ಟರ್ ವಿಸ್ಕಸ್ ಮಾದರಿದು, ಕಾಗದಕ್ಕೆ ಎಣ್ಣೆ ಹಚ್ಚಿರುತ್ತೆ. ಧೂಳು ಹಿಡಿಯೋದು ಆ ಎಣ್ಣೆ. ಏರ್ ಹೊಡೆಸಿದ್ರೆ ಎಣ್ಣೆಯ ಪದರ ಕೆಡುತ್ತೆ, ಕಾಗದದ ಎಳೆ ಬಿಡುತ್ತೆ, ಧೂಳು ಎಂಜಿನ್ ಒಳಗೆ ಹೋಗಿ ರಿಂಗ್ ಸವೆಸುತ್ತೆ. ಕ್ಲೀನ್ ಮಾಡೋ ಫಿಲ್ಟರ್ ಅಲ್ಲ ಅದು, ಬದಲಾಯಿಸೋದೇ. ಪೆಟ್ಟಿಗೆ ಕೆಳಗೆ ಬ್ರೀದರ್ ಡ್ರೈನ್ ಟ್ಯೂಬ್ ಇರುತ್ತೆ, ಮುಚ್ಚಳ ತೆಗೆದು ಒಳಗಿನ ನೀರು, ಜಿಡ್ಡು ಇಳಿಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ.

ಹಿಂದಿನ_ಚಕ್ರ:

ಟಿಕ್ ಟಿಕ್ ಬಗ್ಗೆ: ಶಬ್ದ ನಿಲ್ಲುವವರೆಗೆ ಟ್ಯಾಪೆಟ್ ಟೈಟ್ ಮಾಡಿಸ್ಬೇಡಿ. ಸಣ್ಣ ಶಬ್ದ ಇರೋ ವಾಲ್ವ್ ಕನಿಷ್ಠ ಪೂರ್ತಿ ಮುಚ್ಚುತ್ತೆ. ಅತಿಯಾಗಿ ಬಿಗಿದದ್ದು ಪೂರ್ತಿ ಮುಚ್ಚಲ್ಲ, ಸೀಟಿಗೆ ಶಾಖ ಬಿಟ್ಟುಕೊಡೋಕಾಗದೇ ಸುಡುತ್ತೆ. ಮೊದಲು ಸ್ಟಾರ್ಟಿಂಗ್ ಕಷ್ಟ, ಆಮೇಲೆ ಕಂಪ್ರೆಷನ್ ಹೋಗಿ ಹೆಡ್ ಕೆಲಸ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್‌ನಲ್ಲಿ ಮಾತ್ರ ಅಳೀಬೇಕು, ಕಂಪ್ರೆಷನ್ ಸ್ಟ್ರೋಕ್‌ನ ಟಿಡಿಸಿಗೆ (ಪಿಸ್ಟನ್ ಅತಿ ಮೇಲಿರೋ ಸ್ಥಾನ) ತಂದು, ಇನ್‌ಟೇಕ್‌ಗೂ ಎಕ್ಸಾಸ್ಟ್‌ಗೂ ಮ್ಯಾನ್ಯುವಲ್ ಹೇಳಿದ ಬೇರೆ ಬೇರೆ ಫೀಲರ್ ಹಾಕಿ. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ತಾನೂ ತಿರುಗುತ್ತೆ, ಹಾಗಾಗಿ ಬಿಗಿದ ಮೇಲೆ ಮತ್ತೊಮ್ಮೆ ಅಳೆದು ನೋಡಿ. ಮೊದಲ ಸಲ ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜ್‌ನಲ್ಲಿ ಬಿಟ್ಟು, ಬೆಳಗ್ಗೆ ಮೊದಲ ಕೆಲಸವಾಗಿ ಇದನ್ನೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಓಡಿಸ್ಕೊಂಡು ಹೋದ ಬಿಸಿ ಗಾಡಿಗೆ ಅರ್ಧ ಗಂಟೆಯಲ್ಲಿ ಮಾಡಿಕೊಡ್ತೀನಿ ಅಂದ್ರೆ ಬೇಡ ಅನ್ನಿ.

ಲೆಕ್ಕದ_ಪುಸ್ತಕ:

ಸಾಮಾನು ಕೊಳ್ಳುವಾಗ ಒಂದು ಎಚ್ಚರ. ಬೆಂಗಳೂರಿನ ಜೆ.ಸಿ. ರೋಡ್‌ನಿಂದ ತರಿಸಿದ್ರೂ, ಊರಿನ ಅಂಗಡಿಯಲ್ಲೇ ಕೊಂಡ್ರೂ ಎಂಆರ್‌ಪಿಗಿಂತ ತೀರಾ ಕಡಿಮೆಗೆ ಸಿಗೋ ‘ಒರಿಜಿನಲ್’ ಫಿಲ್ಟರ್, ಆಯಿಲ್ ನಂಬಬೇಡಿ. ಪಾರ್ಟ್ ನಂಬರ್, ಎಂಆರ್‌ಪಿ ಲೇಬಲ್, ಆಯಿಲ್ ಕ್ಯಾನ್‌ನ ಸೀಲ್ ನೋಡಿ, ಬಿಲ್ ತಗೊಳ್ಳಿ. ಆ ಬಿಲ್ ಹಿಂದೆ ದಿನಾಂಕ, ಕಿ.ಮೀ., ಮಾಡಿದ ಕೆಲಸ ಬರೆದು ಫೈಲ್‌ಗೆ ಹಾಕಿ. ಗಾಡಿ ಮಾರುವಾಗ ಸರ್ವಿಸ್ ರೆಕಾರ್ಡ್ ಎಲ್ಲಿ ಅಂತ ಕೇಳ್ತಾರೆ, ಆಗ ತೋರಿಸೋಕೆ ಅದೇ ಇರೋದು. ನಿಮ್ಮದು 36,000ಕ್ಕೆ ಅಂದ್ರೆ ಮುಂದಿನ ಆಯಿಲ್ 42,000ಕ್ಕೆ.