ಅಜ್ಜನ ಮನೆ ಗುಂಪಿನಲ್ಲಿ 50 ಲಕ್ಷದ ಜಗಳ
ಮೇ 12, 2021, ನರ್ಸ್‌ಗಳ ದಿನ

ದೊಡ್ಡಪ್ಪ (ಫಾರ್ವರ್ಡ್): ಕೋವಿಡ್ ವಾರ್ಡಿನ ನರ್ಸ್‌ಗಳಿಗೆ ತಲಾ 50 ಲಕ್ಷ! ಆದರೂ ಒತ್ತಡ, ಒತ್ತಡ ಅಂತ ಗೋಳು. ಎಲ್ಲರಿಗೂ ಕಳಿಸಿ.

ರಾಜೇಶ: ಅಯ್ಯೋ, ನಾವೂ ನರ್ಸಿಂಗ್ ಓದಬೇಕಿತ್ತು 😄

ಪ್ರವೀಣ: ಇದು ಎಲ್ಲಿಂದ ಬಂತು ದೊಡ್ಡಪ್ಪ? ಆದೇಶದ ಪ್ರತಿ ಇದ್ದರೆ ಹಾಕಿ. ಹೋದ ವಾರ ಹಬೆ ತಗೊಳ್ಳುವ ಮೆಸೇಜಿಗೂ ಇದನ್ನೇ ಕೇಳಿದ್ದೆ.

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ನಿಮ್ಮಪ್ಪನೂ ಹೀಗೇ, ಜಮೀನು ಪಾಲಾದ ದಿನ ಸಾಲು ಸಾಲಿಗೂ ತಕರಾರು. ಸೇವೆ ಅಂದಮೇಲೆ ಕಷ್ಟ ಇದ್ದದ್ದೇ. ಹೋದ ವರ್ಷ ದೇಶವೇ ಚಪ್ಪಾಳೆ ತಟ್ಟಿತು, ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಹೂ ಸುರಿಸಿದರು.

ಪ್ರವೀಣ: ಜಮೀನಿನ ವಿಷಯ ಇಲ್ಲಿ ಯಾಕೆ?

ರಾಜೇಶ: ಅಜ್ಜಿ ಹೇಳುತ್ತಿದ್ದ ಪ್ಲೇಗ್ ಕಥೆ ನೆನಪಿದೆಯಾ? ಇಲಿ ಬಿತ್ತು ಅಂದರೆ ಊರೇ ಖಾಲಿ, ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಜಗಲಿ ಮೇಲೆ ಮಲಗಿ ಕೇಳುತ್ತಿದ್ದೆವು. ಆ ಜಗಲಿಯ ಫೋಟೋ ಯಾರ ಹತ್ತಿರವಾದರೂ ಇದೆಯಾ?

ನಾನು: ಅಕ್ಕ ಈ ಗುಂಪಿನಲ್ಲೇ ಇದ್ದಾಳೆ, ಸ್ವಲ್ಪ ನೋಡಿಕೊಂಡು ಬರೆಯಿರಿ. ಆ 50 ಲಕ್ಷ ವಿಮೆ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೇಳಿದ್ದು. ಕೋವಿಡ್ ಡ್ಯೂಟಿಯಲ್ಲಿ ಸೋಂಕು ತಗುಲಿ ಸತ್ತರೆ ಮನೆಯವರಿಗೆ ಸಿಗುವ ದುಡ್ಡು ಅದು. ಅಕ್ಕ ಕಿಟ್ ಹಾಕಿಕೊಂಡರೆ ಆರು ಗಂಟೆ ನೀರಿಲ್ಲ, ಬಾತ್‌ರೂಮಿಲ್ಲ, ಬಿಚ್ಚುವಾಗ ಗ್ಲೌಸಿನೊಳಗೆ ಬೆವರಿಗೆ ನೆನೆದು ಬೆರಳೆಲ್ಲ ಸುಕ್ಕಾಗಿರುತ್ತವೆ, ಮೂಗಿನ ಮೇಲೆ ಮಾಸ್ಕಿನ ಗಾಯ. ಉಸಿರು ಹೋಗುತ್ತಿರುವವರ ಮಗನಿಗೆ ವಾರ್ಡಿನ ಫೋನಿನಿಂದ ವಿಡಿಯೋ ಕಾಲ್ ಮಾಡಿ, ಅದನ್ನು ಅವರ ಮುಖದ ಹತ್ತಿರ ಹಿಡಿದು ನಿಲ್ಲುವವಳೂ ಅವಳೇ. ಆ ಕೆಲಸ ಮುಗಿದ ತಕ್ಷಣ ಪಕ್ಕದ ಬೆಡ್.

ಪದ್ಮತ್ತೆ: ದೊಡ್ಡವರ ಹತ್ತಿರ ಹೀಗಾ ಮಾತಾಡುವುದು?

ನಾನು: ಅತ್ತೆ, ಹೋದ ವರ್ಷ ಅಜ್ಜಿಯ ತಿಥಿಗೆ ಅವಳನ್ನು ಬರಬೇಡ ಅಂದವರು ಯಾರು? ಹದಿನಾಲ್ಕು ದಿನ ಕ್ವಾರಂಟೈನ್ ಮುಗಿಸಿ, ಟೆಸ್ಟ್ ನೆಗೆಟಿವ್ ಬಂದಮೇಲೆ! ವಾರ್ಡಿಗಿಂತ ಅದೇ ಅವಳಿಗೆ ಜಾಸ್ತಿ ನೋವಾಗಿದ್ದು.

ದೊಡ್ಡಪ್ಪ: ಮನೆಯಲ್ಲಿ ಸಣ್ಣ ಮಕ್ಕಳಿದ್ದರು.

ದೊಡ್ಡಮ್ಮ: ಬೇಡ ಅಂದಿದ್ದು ನಾನು. ಹೆದರಿಕೆ ಆಗಿತ್ತು.

ಅಕ್ಕ: ಹೆದರಿಕೆ ನನಗೂ ಇತ್ತು ದೊಡ್ಡಮ್ಮ. ಆಮೇಲಾದರೂ ಒಂದು ಫೋನ್ ಮಾಡಬಹುದಿತ್ತು ಅಲ್ವಾ. ಈಗ ಕಿಟ್ ಹಾಕಿಕೊಳ್ಳುತ್ತಿದ್ದೇನೆ, ನನ್ನ ಫೋನ್ ಲಾಕರಿನಲ್ಲಿಡಬೇಕು.