ನೀರಿನ ಗುತ್ತಿಗೆ ರದ್ದು ಮಾಡುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಮ್ಮಲ್ಲಿ ನೀರು ಸರಬರಾಜು ಖಾಸಗಿ ಕಂಪನಿ ಕೈಲಿದೆ. ಹೇಳಿದಷ್ಟು ನೀರು ಬರುತ್ತಿಲ್ಲ, ಬಿಲ್ ಮಾತ್ರ ಏರುತ್ತಿದೆ. ಗುತ್ತಿಗೆ ಈಗಲೇ ರದ್ದು ಮಾಡಿ ಎಂದು ಜನ ಪಟ್ಟು ಹಿಡಿದಿದ್ದಾರೆ. ನಾನು ಕೌನ್ಸಿಲ್ ಸದಸ್ಯೆ. ಇಂಥದ್ದನ್ನು ಹತ್ತಿರದಿಂದ ಕಂಡವರು ದಯವಿಟ್ಟು ಹೇಳಿ.

ನಿವೃತ್ತ ಎಂಜಿನಿಯರ್: ಮೇಡಂ, ಇಂಥ ಒಂದು ವ್ಯಾಜ್ಯದಲ್ಲಿ ನಾನು ಸರ್ಕಾರದ ಕಡೆ ಇದ್ದೆ. ನಾವು ಸೋತಿದ್ದು ಲಾಗ್‌ಬುಕ್‌ನಿಂದ. ಎತ್ತರದ ಮನೆಗಳಿಗೆ ನೀರು ಹತ್ತುತ್ತಲೇ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಪಂಪ್‌ಹೌಸ್ ಪುಸ್ತಕದಲ್ಲಿ ಪ್ರೆಷರ್ ದಿನಾ ಒಂದೇ ಅಂಕಿ, ಒಂದೇ ಪೆನ್ನು. ಕೆಳಗೆ ನಮ್ಮವರದೇ ಸಹಿ! ಗೇಜ್ ನೋಡದೆ ಸುಮ್ನೆ ಹಾಕಿದ್ದ ಸಹಿ. ವ್ಯಾಜ್ಯ ತೀರ್ಮಾನಕ್ಕೆ ಕೂತವರು ಆ ಪುಟ ತಿರುಗಿಸಿ ನಮ್ಮ ಮುಖ ನೋಡಿದರು. ಹೇಳೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಇವತ್ತಿನಿಂದಲೇ ಎರಡೂ ಕಡೆಯವರು ಒಟ್ಟಿಗೆ ನಿಂತು ಗೇಜ್ ಓದಲಿ, ತಾರೀಖು ಸಮೇತ ಫೋಟೋ ಇರಲಿ. ಕೊರತೆ ಕಂಡಾಗಲೆಲ್ಲ ಕರಾರಿನ ಯಾವ ಷರತ್ತು ಮುರಿದಿದೆ ಎಂದು ಬರೆದು ನೋಟಿಸ್ ಕೊಡಿ. ಫೋನಿನಲ್ಲಿ ಬೈದದ್ದು ಲೆಕ್ಕಕ್ಕೆ ಬರಲ್ಲ. ಇನ್ನೊಂದು ಮಾತು, ಕೌನ್ಸಿಲ್ ಕೊಡಬೇಕಾದ ಹಣ, ಜಾಗ, ದರದ ಒಪ್ಪಿಗೆ ಬಾಕಿ ಇದ್ದರೆ ಕಂಪನಿ ಮೊದಲು ಅದನ್ನೇ ಎತ್ತುತ್ತದೆ.

ಕರಾರುಗಳ ಕೆಲಸ ಮಾಡುವವರು: ಸರ್ ಹೇಳಿದ್ದು ನಿಜ. ಸಿಟ್ಟಿನಲ್ಲಿ ಮಾಡಿದ್ದು ದುಬಾರಿಯಾಗುತ್ತದೆ. ಅರ್ಜೆಂಟೀನಾದ ಟುಕುಮಾನ್‌ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತ್ತು, ದರವೂ ಏರಿತ್ತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಅಧಿಕಾರಿಗಳೇ ಬಿಲ್ ಕಟ್ಟಬೇಡಿ ಎಂದು ಪ್ರಚಾರಕ್ಕೆ ಇಳಿದರು. 2007ರಲ್ಲಿ ಅಂತರರಾಷ್ಟ್ರೀಯ ಟ್ರಿಬ್ಯುನಲ್ ಅರ್ಜೆಂಟೀನಾ ನೀರಿನ ಕಂಪನಿಗೆ 10.5 ಕೋಟಿ ಡಾಲರ್ ಕೊಡಬೇಕು ಎಂದಿತು, ಬಡ್ಡಿ ಬೇರೆ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕಂಪನಿ ಕೆಲಸದಲ್ಲಿ ಸೋತಿತ್ತು. ಆದರೂ 2005ರಲ್ಲಿ ಸರ್ಕಾರ ಕರಾರಿನ ಕ್ರಮ ಮುಗಿಯುವ ಮೊದಲೇ ವಶಕ್ಕೆ ತೆಗೆದುಕೊಂಡು ಕಂಪನಿಯ ಅಧಿಕಾರಿಗಳನ್ನು ದೇಶದಿಂದ ಹೊರಗೆ ಕಳಿಸಿತು. 2008ರ ತೀರ್ಪಿನಲ್ಲಿ ಪರಿಹಾರ ಕೊಡಬೇಕಾಗಿ ಬರಲಿಲ್ಲ, ಆದರೆ ದೇಶಗಳ ನಡುವಿನ ಹೂಡಿಕೆ ಒಪ್ಪಂದ ಮುರಿದ ತಪ್ಪು ಸರ್ಕಾರದ ಮೇಲೇ ಬಂತು. ಪ್ಯಾರಿಸ್ ಮಾತ್ರ ಅವಧಿ ಮುಗಿಯಲಿ ಎಂದು ಕಾದು, 2010ರಲ್ಲಿ ನೀರನ್ನು ತನ್ನ ಕೈಗೆ ತೆಗೆದುಕೊಂಡಿತು. ನಿಮ್ಮ ಗುತ್ತಿಗೆಗೆ ಇನ್ನೆಷ್ಟು ವರ್ಷ ಉಳಿದಿದೆ? ಎರಡು ಮೂರು ವರ್ಷವಾದರೆ ಕಾಯುವುದೇ ವಾಸಿ ಅನ್ನಿಸುತ್ತದೆ.

ವಾರ್ಡ್ ಹೋರಾಟಗಾರ್ತಿ: ಕಾಯಿರಿ ಅಂದರೆ ಸುಮ್ಮನೆ ಕೂರಿ ಅಂತಲ್ಲ ಅಲ್ವಾ? ಮೊದಲು ಕರಾರನ್ನು ಜನರ ಮುಂದೆ ಇಡಿ. ಬರ್ಲಿನ್‌ನಲ್ಲಿ ಅದನ್ನು ಬಯಲಿಗೆ ತರೋಕೆ 2011ರಲ್ಲಿ ಜನಮತವೇ ನಡೆಯಬೇಕಾಯಿತು.

ವಾಲ್ವ್ ಕೆಲಸದ ಮೇಲ್ವಿಚಾರಕ: ರದ್ದಾದ ಮರುದಿನ ಬೆಳಿಗ್ಗೆ ನೀರು ಬಿಡುವವರು ಯಾರು? ನಾವು ಕಚೇರಿ ಬೀಗ ತೆಗೆದಾಗ ಪೈಪ್‌ಲೈನ್ ನಕ್ಷೆ ಇರಲಿಲ್ಲ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಎಂಬುದು ಹಳೆಯ ಇಬ್ಬರು ವಾಲ್ವ್‌ಮನ್‌ಗಳ ತಲೆಯಲ್ಲಿತ್ತು. ಅವರ ಮನೆ ಹುಡುಕಿಕೊಂಡು ಹೋದೆವು. ಅಷ್ಟು ಹೊತ್ತಿಗೆ ಟ್ಯಾಂಕ್ ತುಂಬಿ ಹರಿಯುತ್ತಿತ್ತು, ನಲ್ಲಿಗಳಲ್ಲಿ ಹನಿ ಇಲ್ಲ. ನಕ್ಷೆ, ಬಿಲ್ಲಿಂಗ್ ಡೇಟಾ, ಬಿಡಿಭಾಗಗಳ ಪಟ್ಟಿ ಈಗಲೇ ಕೇಳಿ ಇಟ್ಟುಕೊಳ್ಳಿ ಅಕ್ಕ. ನಿಮ್ಮ ಕರಾರಿನಲ್ಲಿ ಹಸ್ತಾಂತರದ ಭಾಗ ಇದ್ದರೆ ಇಲ್ಲಿ ಹಾಕಿ, ಒಟ್ಟಿಗೆ ಓದೋಣ.