1/35 ಗೊಂಬೆಯ ಕಣ್ಣುಪಾಪೆ ಕೂರುತ್ತಿಲ್ಲ, ಸಹಾಯ ಬೇಕು

ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಸೈನಿಕನ ಪ್ಲಾಸ್ಟಿಕ್ ಗೊಂಬೆ, ಅಳತೆ 1/35, ಅಂದ್ರೆ ನಿಜ ಗಾತ್ರದ 35ನೇ ಒಂದು ಪಾಲು. ಮುಖಕ್ಕೆ ಅಕ್ರಿಲಿಕ್ ಮೈಬಣ್ಣ ಎರಡು ತೆಳು ಕೋಟ್, ಕಣ್ಣಿನ ಗುಳಿಗೆ ಕಡುಕಂದು, ಅದರೊಳಗೆ ಬಿಳಿ. ಅಪ್ಪಟ ಬಿಳಿ ಹಾಕಿದರೆ ಬೆಚ್ಚಿಬಿದ್ದವನ ಹಾಗೆ ಕಾಣುತ್ತೆ, ಅದಕ್ಕೇ ಚೂರು ಮೈಬಣ್ಣ ಬೆರೆಸಿದ್ದೀನಿ. ಇಲ್ಲೀವರೆಗೆ ಸರಿಯಿದೆ.

ತೊಂದರೆ ಪಾಪೆಯದು. 10/0 ಅನ್ನೋ ತೀರಾ ಸಣ್ಣ ಬ್ರಷ್ಷಿನ ತುದಿಯಲ್ಲಿ ಬಣ್ಣ ಮುಖ ಮುಟ್ಟೋ ಮೊದಲೇ ಒಣಗುತ್ತೆ. ನೀರು ಹೆಚ್ಚಿಸಿದರೆ ರೆಪ್ಪೆ ಸಂದಿಗೆ ಹರಿಯುತ್ತೆ. ಒಣಗೋದನ್ನ ನಿಧಾನಿಸೋ ರಿಟಾರ್ಡರ್ ಒಂದು ಹನಿ ಹಾಕಿದರೂ ಅದೇ ಕಥೆ. ಚೂಪು ತುದಿಯ, ಅದಕ್ಕಿಂತ ದೊಡ್ಡ 0 ನಂಬರ್ ಸೇಬಲ್ (ಪ್ರಾಣಿಕೂದಲಿನ) ಬ್ರಷ್ಷಲ್ಲಿ, ಚುಕ್ಕೆ ಬದಲು ಮೇಲಿನ ರೆಪ್ಪೆಯಿಂದ ಕೆಳಕ್ಕೆ ಸಣ್ಣ ಗೆರೆ ಎಳೆದಾಗ ಒಂದು ಕಣ್ಣು ತುಂಬಾ ಚೆನ್ನಾಗಿ ಬಂತು. ಇನ್ನೊಂದು ಬೇರೆ ಕಡೆ ನೋಡ್ತಿದೆ. ತಿದ್ದಿ ತಿದ್ದಿ ಬಣ್ಣ ದಪ್ಪಗಾಗ್ತಿದೆ.

ಒರೆಸಿ ತಿದ್ದಬಹುದು ಅಂತ ಪಾಪೆ ಮಾತ್ರ ಆಯಿಲ್ ಬಣ್ಣದಲ್ಲಿ ಬರೆಯೋ ಯೋಚನೆ. ಹಾಗೆ ಮಾಡುವವರು ಹೇಳಿ: ಕೆಳಗಿನ ಅಕ್ರಿಲಿಕ್ ಮೇಲೆ ಮೊದಲು ಸ್ಯಾಟಿನ್ (ಅರೆಹೊಳಪಿನ) ವಾರ್ನಿಷ್ ಹಾಕಬೇಕಾ, ಮ್ಯಾಟ್ (ಹೊಳಪಿಲ್ಲದ್ದು) ಸಾಕಾ? ಎಷ್ಟು ಗಂಟೆ ಒಣಗಿಸಬೇಕು?